ಸ್ಕ್ವಾಶ್ ಆಡಿದರೆ ಹಾರ್ವರ್ಡ್ ಸೀಟು ಸಿಗುತ್ತಾ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳು ಹನ್ನೊಂದು ವರ್ಷದ ಮೊಮ್ಮಗನನ್ನು ಸ್ಕ್ವಾಶ್ ಕ್ಲಾಸಿಗೆ ಓಡಾಡಿಸುತ್ತಿದ್ದಾಳೆ. ಕೇಳಿದರೆ "ಮುಂದೆ ಹಾರ್ವರ್ಡ್ ಸೀಟಿಗೆ ಅನುಕೂಲ" ಅನ್ನುತ್ತಾಳೆ. ಅಲ್ಲೂ ನಮ್ಮ ಹಾಗೆ ಕ್ರೀಡಾ ಕೋಟಾ ಇದೆಯೇ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ನಿಮ್ಮ ಮಗಳು ಸುಮ್ನೆ ಹೇಳುತ್ತಿಲ್ಲ. ಕೋಟಾ ಅನ್ನುವ ಹೆಸರಿಲ್ಲ, ಅಷ್ಟೇ. ಅಡ್ಮಿಷನ್‌ನಲ್ಲಿ ಜನಾಂಗ ನೋಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹೂಡಿದ ಕೇಸಿನ ವಿಚಾರಣೆ 2018ರಲ್ಲಿ ನಡೆದಾಗ ಒಳಗಿನ ಲೆಕ್ಕ ಹೊರಬಿತ್ತು. ಕೋಚ್‌ಗಳು ಆರಿಸಿದ್ದ ಆಟಗಾರರಲ್ಲಿ ನೂರಕ್ಕೆ ಸುಮಾರು 86 ಜನರಿಗೆ ಸೀಟು ಸಿಕ್ಕಿತ್ತು. ಯಾವ ಆಸರೆಯೂ ಇಲ್ಲದೆ ಅರ್ಜಿ ಹಾಕಿದವರಲ್ಲಿ ಐದಾರು ಜನರಿಗೆ.

ಇದರ ಕೀಲಿ ಇರುವುದು ಕೋಚ್ ಕೈಯಲ್ಲಿ. ಅವರು ಜೂನಿಯರ್ ಟೂರ್ನಿಗಳನ್ನು ನೋಡಿ ಹೆಸರು ಗುರುತು ಹಾಕಿಕೊಳ್ಳುತ್ತಾರೆ. ಮಗುವಿನ ಅಂಕಪಟ್ಟಿ ಮೊದಲೇ ಅಡ್ಮಿಷನ್ ಆಫೀಸಿಗೆ ಹೋಗುತ್ತದೆ. ಅಲ್ಲಿಂದ "ಪರವಾಗಿಲ್ಲ" ಅಂತ ಬಂದರೆ, ಕೋಚ್ ಆ ಹೆಸರನ್ನು ತಮ್ಮ ಪಟ್ಟಿಗೆ ಸೇರಿಸುತ್ತಾರೆ. ಓದಿನಲ್ಲಿ ತೀರಾ ಹಿಂದಿದ್ದರೆ ನಡೆಯುವುದಿಲ್ಲ. ಆದರೆ ಉಳಿದವರ ಹಾಗೆ ಶೇ. 99ಕ್ಕೆ ಒದ್ದಾಡಬೇಕಾಗಿಲ್ಲ.

ಅಮೆರಿಕದ ಕಾಲೇಜು ಕ್ರೀಡೆ ಅಂದರೆ ನಮಗೆ ನೆನಪಾಗುವುದು ಬಾಸ್ಕೆಟ್‌ಬಾಲ್, ಬಡತನದಿಂದ ಮೇಲೆ ಬಂದ ಹುಡುಗರು, ಅಲ್ವಾ? ಹಾರ್ವರ್ಡ್‌ನಲ್ಲಿ ನಲವತ್ತಕ್ಕೂ ಜಾಸ್ತಿ ತಂಡಗಳಿವೆ. ಅದರಲ್ಲಿ ರೋಯಿಂಗ್, ಫೆನ್ಸಿಂಗ್, ಹಾಯಿದೋಣಿ, ವಾಟರ್ ಪೋಲೊ, ಸ್ಕ್ವಾಶ್ ಎಲ್ಲ ಸೇರಿವೆ. ಸಾಮಾನ್ಯ ಸರ್ಕಾರಿ ಶಾಲೆಯ ಮಕ್ಕಳಿಗೆ ಸ್ಕ್ವಾಶ್ ಕೋರ್ಟ್ ಎಲ್ಲಿಂದ ಬರಬೇಕು? ಕ್ಲಬ್ಬು, ಖಾಸಗಿ ಕೋಚು, ಊರೂರು ಟೂರ್ನಿಗೆ ವಿಮಾನ, ಹೋಟೆಲ್ಲು. ದುಡ್ಡಿದ್ದವರ ಬಾಗಿಲು ಇದು. ಮೇಲಾಗಿ ಇಂಥ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದೂ ಇಲ್ಲ.

ಈ ಬಾಗಿಲಲ್ಲಿ ಕಳ್ಳರೂ ನುಗ್ಗಿದರು. ಲಂಚ ಕೊಟ್ಟು ಮಕ್ಕಳನ್ನು ಆಟಗಾರರೆಂದು ತೋರಿಸಿ ದೊಡ್ಡ ಕಾಲೇಜುಗಳಿಗೆ ಸೇರಿಸಿದ ಹಗರಣ 2019ರಲ್ಲಿ ಬಯಲಾಯಿತು. ಅದರಲ್ಲಿ ಒಬ್ಬ ತಂದೆ ಆನ್‌ಲೈನ್‌ನಲ್ಲಿ ವಾಟರ್ ಪೋಲೊ ಸಾಮಾನು ತರಿಸಿ, ಮನೆಯ ಈಜುಕೊಳದಲ್ಲೇ ಮಗನನ್ನು ನಿಲ್ಲಿಸಿ ಫೋಟೋ ತೆಗೆಸಿದ್ದ. ಕೊಳದ ಹಿನ್ನೆಲೆಯನ್ನು ಡಿಸೈನರ್ ಬದಲಾಯಿಸಿಕೊಟ್ಟ. ಯೇಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಒಬ್ಬ, ಆಟಗಾರ್ತಿಯೇ ಅಲ್ಲದ ಹುಡುಗಿಯನ್ನು ಸೇರಿಸಲು 4 ಲಕ್ಷ ಡಾಲರ್ ತಿಂದಿದ್ದ. ಸೂತ್ರಧಾರ ರಿಕ್ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಕೇಸಿನ ತೀರ್ಪು ಕೊಟ್ಟು, ಅಡ್ಮಿಷನ್‌ನಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿತು. ಆಟಗಾರರ ಪಟ್ಟಿ ಇದ್ದ ಹಾಗೇ ಇದೆ.

ಎಲ್ಲ ಕಡೆಯೂ ಹೀಗಿಲ್ಲ. ಎಂಐಟಿಯಲ್ಲಿ ಕೋಚ್ ಒಂದು ಒಳ್ಳೆ ಮಾತು ಹೇಳಬಹುದು, ಸೀಟು ಕೊಡಿಸಲಾರರು. ನಮ್ಮ ಐಐಟಿ ಮದ್ರಾಸ್ 2024ರಿಂದ ಕ್ರೀಡಾಪಟುಗಳಿಗೆ ಸೀಟು ಇಟ್ಟಿದೆ. ಆದರೆ ಜೆಇಇ ಅಡ್ವಾನ್ಸ್ಡ್ ಪಾಸಾಗಲೇಬೇಕು.

ಇನ್ನು ನಿಮ್ಮ ಮೊಮ್ಮಗನ ವಿಷಯ. ಕಾಲೇಜು ಸ್ಕ್ವಾಶ್ ಪಂದ್ಯದಲ್ಲಿ ಒಂದು ತಂಡಕ್ಕೆ ಆಡುವವರು ಒಂಬತ್ತು ಜನ. ಕೋಚ್ ವರ್ಷಕ್ಕೆ ಬೆರಳೆಣಿಕೆಯಷ್ಟು ಹುಡುಗರನ್ನು ಆರಿಸುತ್ತಾರೆ, ಅದೂ ಈಜಿಪ್ಟ್, ಇಂಗ್ಲೆಂಡ್, ನಮ್ಮ ಮುಂಬೈ, ಚೆನ್ನೈಯವರನ್ನೂ ಸೇರಿಸಿ. ಹದಿನಾರರ ಹೊತ್ತಿಗೆ ದೇಶದ ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಹುಡುಗ ಮೇಲಿಲ್ಲದಿದ್ದರೆ ಯಾವ ಕೋಚೂ ಫೋನ್ ಮಾಡುವುದಿಲ್ಲ. ಆಮೇಲೆ ಅಷ್ಟೂ ಖರ್ಚನ್ನು ಆಟದ ಲೆಕ್ಕಕ್ಕೇ ಬರೆದುಕೊಳ್ಳಬೇಕು. ಇದನ್ನು ಮಗಳಿಗೆ ಹೇಳಿ. ಮೊಮ್ಮಗನಿಗೆ ಬೇಡ, ಅವನು ಆಡಿಕೊಳ್ಳಲಿ.