ಆಕ್ಸಿಜನ್ ಮೀಟರ್ ಸೊನ್ನೆಗೆ ಇಳಿಯದಿದ್ದರೆ ಮೊದಲು ಪೈಪ್ ನೋಡಿ

ಕುಂಬಳೆಯ ನಿಮ್ಮ ಗೇರುಬೀಜ ಪ್ಯಾಕಿಂಗ್ ಯೂನಿಟ್‌ನಲ್ಲಿ ಶುದ್ಧ ನೈಟ್ರೋಜನ್ ಬಿಟ್ಟರೂ ಆಪ್ಟಿಕಲ್ ಅನಲೈಸರ್ (ಬೆಳಕಿನ ಮೂಲಕ ಆಕ್ಸಿಜನ್ ಅಳೆಯುವ ಮೀಟರ್) ಶೇ. 0.8 ಆಕ್ಸಿಜನ್ ತೋರಿಸುತ್ತಿದೆ, ಸೆನ್ಸರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಹಾಕಬೇಡಿ. ನನಗೆ ಲೀಕ್ ಮೇಲೆಯೇ ಅನುಮಾನ. ಗ್ಯಾಸ್ ಹರಿವನ್ನು ಸ್ವಲ್ಪ ಜಾಸ್ತಿ ಮಾಡಿ ನೋಡಿ, ರೀಡಿಂಗ್ ಇಳಿದರೆ ಎಲ್ಲೋ ಹೊರಗಿನ ಗಾಳಿ ನುಸುಳುತ್ತಿದೆ. ನಮ್ಮಲ್ಲಿ ಹೋದ ವರ್ಷ ಹೀಗೇ ಆಗಿತ್ತು, ಎರಡು ದಿನ ಹುಡುಕಿದ ಮೇಲೆ ಫಿಲ್ಟರ್ ಮುಚ್ಚಳದ ಓ-ರಿಂಗ್‌ನಲ್ಲಿ (ಸಂದು ಮುಚ್ಚುವ ರಬ್ಬರ್ ಬಳೆ) ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಸಿಲಿಕೋನ್ ಟ್ಯೂಬ್ ಇದ್ದರೆ ತೆಗೆದುಬಿಡಿ, ಆಕ್ಸಿಜನ್ ಅದರ ಗೋಡೆಯನ್ನೇ ದಾಟಿ ಬರುತ್ತದೆ.

ಲೀಕ್ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಸೆನ್ಸರ್ ಕಡೆ ಬನ್ನಿ. ಅದರ ತುದಿಯಲ್ಲಿರುವ ಬಣ್ಣದ ಪದರ ಬೆಳಕು ಬಿದ್ದಾಗ ಹೊಳೆಯುತ್ತದೆ, ಆಕ್ಸಿಜನ್ ಜಾಸ್ತಿಯಾದಷ್ಟೂ ಆ ಹೊಳಪು ಬೇಗ ಆರುತ್ತದೆ. ಮೀಟರ್ ಅಳೆಯುವುದು ಇದನ್ನೇ. ಹಾಗಾಗಿ ಅಸಿಟೋನ್, ಥಿನ್ನರ್ ಹಾಕಿ ಒರೆಸಲೇಬೇಡಿ, ಪದರವೇ ಹಾಳಾಗುತ್ತದೆ. ಸುಮ್ನೆ ಬಿಸಿಲಿಗೂ ಇಡಬೇಡಿ.

ಕ್ಯಾಲಿಬ್ರೇಷನ್‌ಗೆ, ಅಂದರೆ ಮೀಟರನ್ನು ಸರಿಹೊಂದಿಸಲು, ಎರಡು ಬಿಂದು ಬೇಕು, ಸಿಲಿಂಡರ್ ನೈಟ್ರೋಜನ್ ಮತ್ತು ಒಣ ಗಾಳಿ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕಿಟಕಿ ಗಾಳಿಯನ್ನೇ ಒಣ ಗಾಳಿಯ ಶೇ. 20.9 ಅಂತ ಮೀಟರ್‌ನಲ್ಲಿ ಒತ್ತಿಬಿಟ್ಟರೆ ತಪ್ಪಾಗುತ್ತದೆ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಆಕ್ಸಿಜನ್ ಇರುವುದು ಸುಮಾರು ಶೇ. 20.1 ಮಾತ್ರ, ಉಳಿದ ಜಾಗ ನೀರಿನ ಆವಿಯದು. ತೇವ ಹೀರುವ ಸಿಲಿಕಾ ಜೆಲ್ ಮೂಲಕ ಗಾಳಿ ಹಾಯಿಸಿ, ಆಮೇಲೆ ಒತ್ತಿ. ಮೀಟರ್‌ನಿಂದ ಗ್ಯಾಸ್ ಹೊರಹೋಗುವ ಎಕ್ಸಾಸ್ಟ್ ಪೈಪ್ ಮುಚ್ಚಿಕೊಂಡಿಲ್ಲ ಅಲ್ವಾ? ಒತ್ತಡ ಏರಿದರೂ ರೀಡಿಂಗ್ ಏರುತ್ತದೆ.