ಮೊದಲು ಮೈಕ್, ಆಮೇಲೆ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ಕೊಡಗಿನ ನಾಪೋಕ್ಲು ಕಡೆಯವನು. ಐದು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಕಾಫಿ ಕೊಯ್ಲಿಗೆ ಬಂದು ಲೈನ್‌ಮನೆಗಳಲ್ಲಿ (ತೋಟದ ಕೆಲಸದವರ ಸಾಲುಮನೆ) ಇರುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡುವ ಆಸೆ ಇದೆ. ಕೈಯಲ್ಲಿ ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ. ಈಗಿರುವುದು ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ. ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ತಗೊಳ್ಳಲಾ?

ಉತ್ತರ: ಬೇಡ. ಈಗಿರುವ ಕ್ಯಾಮೆರಾದಲ್ಲಿ 4ಕೆ ಬರುತ್ತೆ, ಮೈಕ್ ಚುಚ್ಚಲು ಜಾಗ ಇದೆ ಅಂದರೆ ಅದೇ ಸಾಕು. ಆ ದುಡ್ಡನ್ನು ಮೊದಲು ಧ್ವನಿಗೆ ಹಾಕಿ.

ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತೇನೆ ಅಂದರೆ, ಒಂದು ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ರಾತ್ರಿ ನನಗೆ ಇನ್ನೂ ಮರೆತಿಲ್ಲ. ಪರಿಚಯದವರ ಐನ್‌ಮನೆಗೆ (ಕುಟುಂಬದ ಮೂಲಮನೆ) ಶೂಟಿಂಗ್‌ಗೆ ಹೋಗಿದ್ದೆ. ಎಲ್ಲರೂ ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಕದಿರಿಗೆ ಕುಡುಗೋಲು ತಾಗುವ ಹೊತ್ತಿಗೆ ಸರಿಯಾಗಿ ಗುಂಡು ಹಾರಿತು, ಅದರ ಹಿಂದೆಯೇ ಇಡೀ ಗದ್ದೆ ‘ಪೊಲಿ ಪೊಲಿ ದೇವಾ’ ಅಂತ ಕೂಗಿತು. ಫ್ರೇಮ್ ಚೆನ್ನಾಗಿತ್ತು, ಫೋಕಸ್ ಕೂಡ ಅಲ್ಲಾಡಿರಲಿಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಗುಂಡಿನ ಸದ್ದು ಒಡೆದುಹೋಗಿದೆ, ಕೂಗು ಮಾತ್ರ ಬಾವಿಯ ತಳದಿಂದ ಬಂದ ಹಾಗಿದೆ. ಮೈಕ್ ಲೆವೆಲ್ ಆಟೋದಲ್ಲಿತ್ತು. ಗುಂಡಿನ ಸದ್ದಿಗೆ ಕ್ಯಾಮೆರಾ ತಾನಾಗಿಯೇ ಲೆವೆಲ್ ಇಳಿಸಿಬಿಟ್ಟಿತ್ತು, ಮತ್ತೆ ಏರಿಸುವಷ್ಟರಲ್ಲಿ ಕೂಗು ಮುಗಿದಿತ್ತು. ಇನ್ನೊಂದು ಸಲ ಕೂಗಿ ಅಂತ ಯಾರನ್ನು ಕೇಳುವುದು? ಚಿತ್ರ ಸ್ವಲ್ಪ ಕತ್ತಲಾಗಿದ್ದರೂ ನೋಡುವವರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಹಾಗಾಗಿ ಲೆವೆಲ್ ತಾನಾಗಿ ಏರಿಳಿಸುವ ಆ ಆಟೋ ಗೇನ್ ಇವತ್ತೇ ಆಫ್ ಮಾಡಿ. 32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡುವ ಸಣ್ಣ ರೆಕಾರ್ಡರ್ ಒಂದು ತಗೊಳ್ಳಿ. ಸದ್ದು ಜೋರಾದರೂ ಮೆಲ್ಲಗಾದರೂ ಆಮೇಲೆ ಎಡಿಟಿಂಗ್‌ನಲ್ಲಿ ಸರಿಮಾಡಿಕೊಳ್ಳಬಹುದು. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಎರಡು, ಗಾಳಿಗೆ ತುಪ್ಪಳದ ಕವರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇರಲಿ. ಲೈನ್‌ಮನೆಯ ಶೀಟಿನ ಮೇಲೆ ಮಳೆ ಬೀಳುವಾಗ ಯಾವ ಮೈಕೂ ಕೆಲಸಕ್ಕೆ ಬರಲ್ಲ, ಅಂಥ ಹೊತ್ತಲ್ಲಿ ಸುಮ್ನೆ ಕೂತು ಕಾಫಿ ಕುಡಿದು ಅವರ ಜೊತೆ ಮಾತಾಡಿ. ಇನ್ನೊಂದು ವಿಷಯ, ನಮ್ಮ ತೋಟಗಳಲ್ಲಿ ಜೀರುಂಡೆ ಸದ್ದು ಎಡೆಬಿಡದೆ ಇರುತ್ತೆ ಅಲ್ವಾ, ಸಂದರ್ಶನವನ್ನು ನಡುವೆ ಕತ್ತರಿಸಿದರೆ ಆ ಸದ್ದು ಪಕ್ಕನೆ ಜಿಗಿದು ಕತ್ತರಿಸಿದ್ದು ಗೊತ್ತಾಗಿಬಿಡುತ್ತೆ. ಮಾತು ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನಿರಿಸಿ ಬರೀ ಜೀರುಂಡೆಯನ್ನೇ ರೆಕಾರ್ಡ್ ಮಾಡಿ. ಅದನ್ನು ಅಡಿಯಲ್ಲಿ ಹಾಸಿದರೆ ಕತ್ತರಿಸಿದ ಗುರುತು ಮುಚ್ಚಿಹೋಗುತ್ತೆ.

ಉಳಿದ ದುಡ್ಡು ಹಾರ್ಡ್ ಡಿಸ್ಕ್‌ಗೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದರೆ ಒಂದು ಗಂಟೆಗೆ 45 ಜಿಬಿ ಆಗುತ್ತೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು, ರೋಬಸ್ಟಾ ಮುಗಿಯುವಷ್ಟರಲ್ಲಿ ಫೆಬ್ರವರಿ ದಾಟುತ್ತೆ. ಅಷ್ಟರಲ್ಲಿ 60 ಗಂಟೆ ಶೂಟಿಂಗ್ ಅಂತ ಹಿಡಿದರೂ 2.7 ಟಿಬಿ. ಅದು ಎರಡು ಡಿಸ್ಕ್‌ನಲ್ಲಿರಲಿ, ಮತ್ತೆ ಎರಡೂ ಒಂದೇ ಮನೆಯಲ್ಲಿ ಬೇಡ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಹೊರಗೆ ಬಂದರು. ಅದಾದ ಮೇಲೆ ನನ್ನ ಒಂದು ಪ್ರತಿ ಮೈಸೂರಿನಲ್ಲಿ ತಂಗಿಯ ಮನೆಯ ಬೀರುವಿನಲ್ಲೇ ಇರುತ್ತೆ.

ಕೊನೆಗೆ, ಇದು ಗೇರ್ ವಿಷಯ ಅಲ್ಲ, ಆದರೂ ಹೇಳಲೇಬೇಕು. ತೋಟದ ಮಾಲೀಕರು ಹೂಂ ಅಂದರೆ ಕೆಲಸದವರೂ ಒಪ್ಪಿದ ಹಾಗಲ್ಲ. ಇಲ್ಲಿನ ಬುಡಕಟ್ಟಿನ ಎರವರಿರಲಿ, ಅಸ್ಸಾಂನಿಂದ ಬಂದವರಿರಲಿ, ಮಾಲೀಕರು ಎದುರಿಗಿಲ್ಲದಾಗ ಅವರನ್ನೇ ಕೇಳಿ. ಅವರ ಮಾತು ಬಲ್ಲವರೊಬ್ಬರನ್ನು ಸಂಬಳ ಕೊಟ್ಟು ಜೊತೆಗಿಟ್ಟುಕೊಳ್ಳಿ. ಫುಲ್‌ಫ್ರೇಮ್‌ಗಿಂತ ಅವರಿಂದ ನಿಮ್ಮ ಚಿತ್ರಕ್ಕೆ ಜಾಸ್ತಿ ಉಪಯೋಗ.

ಪ್ರಶ್ನೆ: ವಿರಾಜಪೇಟೆಯಿಂದ. ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಏನೋ ಬಂದಿದೆ. ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗುತ್ತಿಲ್ಲ.

ಉತ್ತರ: ಅದು ಫಂಗಸ್. ಗಾಜಿನ ಒಳಬದಿಯಲ್ಲಿ ಬೆಳೆದಿದೆ, ಹೊರಗಿನಿಂದ ಒರೆಸಿದರೆ ಹೋಗಲ್ಲ. ಲೆನ್ಸ್ ಬಿಚ್ಚಿ ಕ್ಲೀನ್ ಮಾಡುವವರ ಹತ್ತಿರ ಬೇಗ ಕೊಂಡೊಯ್ಯಿರಿ. ಗಾಜಿನ ಮೇಲಿನ ಲೇಪವನ್ನೇ ತಿಂದುಬಿಟ್ಟಿದ್ದರೆ ಕಲೆ ಉಳಿಯುತ್ತೆ. ಅಲ್ಲಿವರೆಗೆ ಬೇರೆ ಲೆನ್ಸ್‌ಗಳ ಜೊತೆ ಇಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಬ್ಯಾಗಿನಲ್ಲಿ ಲೆನ್ಸ್ ಇಡುವುದೇ ತಪ್ಪು. ಆ ಸ್ಪಂಜು ತೇವ ಹಿಡಿದುಕೊಳ್ಳುತ್ತೆ. ಮುಚ್ಚಳಕ್ಕೆ ರಬ್ಬರ್ ಇರುವ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಾಕು. ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಮೀಟರ್ ಶೇಕಡಾ 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಜೆಲ್ ಬಣ್ಣ ಬದಲಾದರೆ ಅದು ನೀರು ಕುಡಿದು ತುಂಬಿದೆ ಅಂತ ಅರ್ಥ, ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆದರೆ ಅಡುಗೆ ಪಾತ್ರೆಯಲ್ಲಿ ಬೇಡ, ನೀಲಿ ಜೆಲ್‌ನಲ್ಲಿ ಇರುವ ಕೋಬಾಲ್ಟ್ ವಿಷ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನೂ ನೋಡಿದ್ದೇನೆ. ಕರಿಮೆಣಸಿಗೆ ಅದು ಸರಿ, ಲೆನ್ಸ್ ಮೇಲೆ ಹೊಗೆಯ ಜಿಡ್ಡು ಕೂರುತ್ತೆ.

ಪ್ರಶ್ನೆ: ಸಭಾಂಗಣದಲ್ಲಿ ತೆಗೆದ ವಿಡಿಯೋದಲ್ಲಿ ಪಟ್ಟೆಪಟ್ಟೆ ಬಂದು ಬೆಳಕು ಮಿನುಗುತ್ತದೆ. ಕ್ಯಾಮೆರಾ ಕೆಟ್ಟಿದೆಯಾ? (ಕುಶಾಲನಗರ)

ಉತ್ತರ: ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ 1/50 ಸೆಕೆಂಡ್ ಮಾಡಿ, ಆಗ ಆ ಮಿನುಗಿಗೆ ಹೊಂದುತ್ತೆ. 30 ಫ್ರೇಮ್, 1/60 ಇಟ್ಟಿದ್ದರೆ ಈ ತೊಂದರೆ ಬಂದೇ ಬರುತ್ತೆ. ಕೆಲವು ಅಗ್ಗದ ಎಲ್‌ಇಡಿ ದೀಪ ಇದಕ್ಕೂ ಬಗ್ಗಲ್ಲ, ಅದನ್ನು ಆರಿಸಿಬಿಡುವುದೇ ಒಳ್ಳೆಯದು.

ಪ್ರಶ್ನೆ: ಕಾಫಿ ಹೂವನ್ನು ಡ್ರೋನ್‌ನಲ್ಲಿ ತೆಗೆಯಬೇಕು. ಹೋದ ವರ್ಷ ನಾನು ಹೋಗುವಷ್ಟರಲ್ಲಿ ಹೂ ಬಾಡಿತ್ತು. (ಸೋಮವಾರಪೇಟೆ)

ಉತ್ತರ: ಹೂ ಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದ ಅಥವಾ ಸ್ಪ್ರಿಂಕ್ಲರ್ ಹಾಕಿದ ದಿನವನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ ಸುಮಾರು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಆ ಬಿಳುಪು ಎರಡು ಮೂರು ದಿನ ಅಷ್ಟೇ. ನಾಲ್ಕೈದು ತೋಟದವರ ಫೋನ್ ನಂಬರ್ ಇದ್ದರೆ ಬೇರೆ ಬೇರೆ ದಿನ ಹೂ ಸಿಗುತ್ತೆ. ಬೆಳಗ್ಗೆ ಮಂಜು ಏಳುವ ಹೊತ್ತೇ ಚಂದ. ಡ್ರೋನ್ 250 ಗ್ರಾಂ ಒಳಗಿನದ್ದಾದರೆ 2021ರ ನಿಯಮದಂತೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಹಾಗಂತ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ, ಹಾರಾಟಕ್ಕೆ ನಿರ್ಬಂಧ ಇರುವ ಕೆಂಪು-ಹಳದಿ ವಲಯ ನೋಡಿಕೊಳ್ಳಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹೊರಗೆ ತೆಗೆಯಲೇಬೇಡಿ. ಆನೆಗಳಿಗೆ ಆ ಸದ್ದು ಹಿಂಸೆ.

ಪ್ರಶ್ನೆ: ಮಡಿಕೇರಿಯಿಂದ. ಈ ವಿಡಿಯೋ, ಸಾಕ್ಷ್ಯಚಿತ್ರದ ಕೆಲಸದಲ್ಲಿ ಜೀವನ ನಡೆಯುತ್ತಾ? ಮಾಡಿದ ಕಿರುಚಿತ್ರವನ್ನು ಯೂಟ್ಯೂಬ್‌ಗೆ ಹಾಕಿಬಿಡಲಾ?

ಉತ್ತರ: ಬರೀ ನಮ್ಮ ಚಿತ್ರಗಳಿಂದ ನಡೆಯಲ್ಲ. ನನಗೆ ಮದುವೆ ಮತ್ತು ಹೋಂಸ್ಟೇ ವಿಡಿಯೋಗಳಿಂದ ವರ್ಷದ ಅನ್ನ ಹುಟ್ಟುತ್ತೆ, ಮಳೆಗಾಲದ ನಾಲ್ಕು ತಿಂಗಳು ಎಡಿಟಿಂಗ್‌ಗೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಎಲ್ಲ ಮುಗಿಸುತ್ತೇನೆ. ದುಡ್ಡಿನ ಮಾತು ಮೊದಲೇ ಬರೆದುಕೊಳ್ಳಿ: ಅರ್ಧ ಮುಂಗಡ, ಉಳಿದದ್ದು ಫೈನಲ್ ಫೈಲ್ ಕೊಡುವ ಮುಂಚೆ. ಒಬ್ಬರು ಹೋಂಸ್ಟೇ ಮಾಲೀಕರಿಗೆ ನಂಬಿಕೆಯ ಮೇಲೆ ಪೂರ್ತಿ ಫೈಲ್ ಕೊಟ್ಟೆ, ಬಾಕಿ ಬರಲು ಹನ್ನೊಂದು ತಿಂಗಳು ಬೇಕಾಯಿತು. ಈಗ ನೋಡಲು ಕಳಿಸುವ ಪ್ರತಿಯ ಮೇಲೆ ನನ್ನ ಹೆಸರು ಅಡ್ಡಲಾಗಿ ಇದ್ದೇ ಇರುತ್ತೆ.

ಯೂಟ್ಯೂಬ್‌ಗೆ ಈಗಲೇ ಬೇಡ. ಆನ್‌ಲೈನ್‌ನಲ್ಲಿ ಪೂರ್ತಿ ಸಿಗುವ ಚಿತ್ರವನ್ನು ಕೆಲವು ಚಿತ್ರೋತ್ಸವಗಳು ತಗೊಳ್ಳಲ್ಲ. ತಿರುವನಂತಪುರದ ಐಡಿಎಸ್‌ಎಫ್‌ಎಫ್‌ಕೆ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೇ ಇರುವ ಉತ್ಸವ, ನಮಗೆ ಹತ್ತಿರವೂ ಹೌದು. ಮಿಫ್, ಅಂದರೆ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ, ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. ನಿಯಮ ಓದಿ ಅಲ್ಲಿಗೆಲ್ಲ ಕಳಿಸಿ, ಒಂದು ವರ್ಷ ಕಾಯಿರಿ. ಸಂಭಾಷಣೆ ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿದ್ದರೆ ಸಬ್‌ಟೈಟಲ್ ಅನ್ನು ಆ ಭಾಷೆ ಗೊತ್ತಿಲ್ಲದ ಒಬ್ಬರಿಗೆ ಓದಿಸಿ ನೋಡಿ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ, ಆಮೇಲೆ ಕಳಿಸಿ.