ಹಳೆ ಎಂಜಿನ್‌ಗೆ ಆಯಿಲ್: ಮೊದಲು ಜಿಂಕ್ ನೋಡಿ

1968ರ ಕಾರಿಗೆ ಈಗಿನ 5ಡಬ್ಲ್ಯೂ-30 (ಇದು ಆಯಿಲ್‌ನ ದಪ್ಪದ ಗುರುತು) ಸಿಂಥೆಟಿಕ್ ಆಯಿಲ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸಿಂಥೆಟಿಕ್ ಆಗಿರುವುದು ತೊಂದರೆಯಲ್ಲ, ಅದರಲ್ಲಿ ಜಿಂಕ್ ಕಡಿಮೆ ಇರುವುದು ತೊಂದರೆ.

ನಿಮ್ಮದು ಫ್ಲಾಟ್ ಟ್ಯಾಪೆಟ್ ಎಂಜಿನ್ ಅಂದಿದ್ದೀರಿ. ಅಲ್ಲಿ ಕ್ಯಾಮ್ (ವಾಲ್ವ್ ತೆರೆಸಲು ತಿರುಗುವ ಉಬ್ಬು) ನೇರವಾಗಿ ಟ್ಯಾಪೆಟ್ (ಆ ತಳ್ಳುವಿಕೆಯನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಮೇಲೆ ಉಜ್ಜುತ್ತದೆ, ಮಧ್ಯೆ ರೋಲರ್ ಇಲ್ಲ. ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಸವೆತ ತಡೆಯುವುದು ಜಿಂಕ್ ಮತ್ತು ರಂಜಕದ ತೆಳು ಪದರ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ ಎಪಿಐ ಎಸ್‌ಎನ್ ಗುಣಮಟ್ಟದ 5ಡಬ್ಲ್ಯೂ-30 ಆಯಿಲ್‌ಗಳಲ್ಲಿ ರಂಜಕಕ್ಕೆ 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಪಾಲು) ಮಿತಿ ಇದೆ. ಎರಡೂ ಒಂದೇ ಸಂಯುಕ್ತದಿಂದ ಬರುವುದರಿಂದ ಜಿಂಕ್ ಕೂಡ ಕಡಿಮೆಯಾಗುತ್ತದೆ. ನಿಮಗೆ ರಂಜಕ 1000 ಪಿಪಿಎಂಗಿಂತ ಜಾಸ್ತಿ ಇದ್ದರೆ ಒಳ್ಳೆಯದು.

ಕ್ಲಾಸಿಕ್ ಕಾರಿಗೆಂದೇ ಮಾಡಿದ ಆಯಿಲ್ ತಗೊಳ್ಳಿ. ದಪ್ಪ ಎಷ್ಟಿರಬೇಕು ಅಂತ ಮ್ಯಾನುಯಲ್ ನೋಡಿ. ಬಿಸಿ ಹವೆಗೆ ಬಹಳಷ್ಟು ಹಳೆ ಎಂಜಿನ್‌ಗಳಿಗೆ 20ಡಬ್ಲ್ಯೂ-50 ಹೊಂದುತ್ತದೆ. ಅದರ ಮೇಲೆ ಸುಮ್ನೆ ಇನ್ನೊಂದು ಬಾಟಲಿ ಜಿಂಕ್ ಸುರಿಯಬೇಡಿ, ವಿಪರೀತವಾದರೆ ಅದೇ ಲೋಹವನ್ನು ತಿನ್ನುತ್ತದೆ.